ಈರುಳ್ಳಿ ಸಿಪ್ಪೆ ಬಣ್ಣದ ಸೀರೆ

ಒಂದೂವರೆ ಪಟ್ಟು ವೇಗದಲ್ಲಿಟ್ಟು ನೋಡತೊಡಗಿದ್ದೆ,
ಒಪ್ಪಿಕೊಳ್ಳುತ್ತೇನೆ.
ದಾವಣಗೆರೆಯ ಮಂಡಕ್ಕಿ ಭಟ್ಟಿ, ನನ್ನದು ರಾತ್ರಿ ಪಾಳಿ,
ಒಲೆ ಕಾಯುವ ತನಕ ಮುಕ್ಕಾಲು ತಾಸು,
ಮೂಟೆಗೆ ಒರಗಿಸಿಟ್ಟ ಬಿರುಕುಗಾಜಿನ ಫೋನು,
ಅದರಲ್ಲಿ ನನ್ನಪ್ಪನಿಗಿಂತ ಹಿರಿಯ ಸಿನಿಮಾ.

ಹಾಲೇಶಿ ಕಳಿಸಿದ್ದ. ಅವನ ಕಾಲೇಜಿನಲ್ಲಿ ಬರೆಯಬೇಕಂತೆ,
ಒಂದು ಹಳೆ ಚಿತ್ರ, ಎರಡು ಪುಟ, ಸೋಮವಾರದೊಳಗೆ.
ನೋಡಿ ಕತೆ ಹೇಳಿದರೆ ಅವನದೊಂದು ಮಿರ್ಚಿ ಪ್ಲೇಟು.
ನಗಲು ಸಿದ್ಧನಾಗಿಯೇ ಕೂತಿದ್ದೆ:
ಮಾತಿಗೆ ಮೊದಲು ಕೈ ಎತ್ತುವ ಅಪ್ಪ,
ಮೂಗಿನಲ್ಲಿ ಅಳುವ ಪಿಟೀಲು,
ಬಾಗಿಲು ತಟ್ಟಿದರೆ ನಡುಗುವ ಬಟ್ಟೆಯ ಗೋಡೆ.
ನಕ್ಕೆ ಕೂಡ.

ಆಮೇಲೆ ಆಕೆ ರೈಲು ನಿಲ್ದಾಣಕ್ಕೆ ಬಂದಳು.

ಬೆಂಚು. ಗಡಿಯಾರ. ರೈಲು ಬಂತು,
ಹೋಯಿತು.
ಯಾರೂ ಇಳಿಯಲಿಲ್ಲ.
ಈಗ ಅಳುತ್ತಾಳೆ, ಹಿಂದೆಯೇ ಹಾಡು, ಅಂದುಕೊಂಡೆ.
ಆಕೆ ಕೈಯಲ್ಲಿದ್ದ ಕಾಗದ ಮಡಚಿದಳು,
ಮತ್ತೆ ಮಡಚಿದಳು,
ಕಡಲೆಯಷ್ಟಾಗುವ ತನಕ ಮಡಚಿ
ಸೆರಗಿನ ತುದಿಗೆ ಕಟ್ಟಿಕೊಂಡಳು.

ನನ್ನ ಹೆಬ್ಬೆರಳು ತಾನಾಗಿ ಹೋಗಿ
ವೇಗವನ್ನು ಒಂದಕ್ಕಿಳಿಸಿತು.
ಹಿಂದಕ್ಕೆ ಎಳೆದೆ. ರೈಲು ಮತ್ತೆ ಬಂತು.
ಈ ಸಲವೂ ಯಾರೂ ಇಳಿಯಲಿಲ್ಲ.

ಒಲೆ ಕಾದಿದೆ ಅಂತ ದಾದಾಪೀರ್ ಮಾಮು ಕೂಗಿದ್ದು
ಎರಡನೇ ಸಲಕ್ಕೆ ಕೇಳಿಸಿತು.

*

ಜರಡಿ ಹಿಡಿದಿದ್ದ ಚಮನ್‌ಬಿ ಖಾಲಾ ಬಗ್ಗಿ ನೋಡಿ
'ಅಯ್ಯ, ಇದನ್ನ ನೋಡೀನಿ' ಅಂದಳು,
'ಲಂಗ ಹಾಕೋ ವಯಸ್ಸು, ನೆಲದ ಮ್ಯಾಲಿನ ಸೀಟು.
ಆ ಸೀರಿ ಈರುಳ್ಳಿ ಸಿಪ್ಪಿ ಬಣ್ಣದ್ದು.'
'ಖಾಲಾ, ಇದರಾಗೆ ಬಣ್ಣ ಎಲ್ಲೈತಿ?'
'ನಿನ್ನ ಫೋನಿನಾಗೆ ಇರಲಿಕ್ಕಿಲ್ಲ.'

ಟೀ ತಂದ ಗುರುಬಸಪ್ಪ ಒಪ್ಪಲಿಲ್ಲ.
ಮುಚ್ಚಿದ ಮಿಲ್ಲಿನ ಬಣ್ಣದ ಖಾತೆಯಲ್ಲಿ
ಹನ್ನೊಂದು ವರ್ಷ ನೂಲು ಅದ್ದಿದವನು.
ಕನ್ನಡಕ ಏರಿಸಿ 'ನವಿಲುನೀಲಿ' ಅಂದ, ತೀರ್ಪಿನಂತೆ.
ಮತ್ತೆ ನೋಡಿ, 'ಇಲ್ಲಂದ್ರ ಇಟ್ಟಂಗಿ ಕೆಂಪು.
ಬೂದಿಯಾದ ಮ್ಯಾಲೆ ಎರಡೂ ಒಂದಾ ಕಾಣ್ತಾವು.
ಬಣ್ಣ ಬಿಡೋ ಹುಡುಗಾ,
ನೆರಿಗಿಯಾಗ ನೆಳ್ಳು ಹೆಂಗ ಬಿದ್ದೈತಿ ನೋಡು.'

ನನಗೆ ತಡೆಯಲಾಗಲಿಲ್ಲ. ಪುಕ್ಕಟೆ ಆ್ಯಪೊಂದಕ್ಕೆ
ಆ ಬೆಂಚಿನ ದೃಶ್ಯ ತಿನ್ನಿಸಿದೆ. ನಲವತ್ತು ಸೆಕೆಂಡು.
ಸೀರೆ ಗುಲಾಬಿ, ತುಟಿ ಗುಲಾಬಿ,
ಬೆಂಚೂ ಅರ್ಧ ಗುಲಾಬಿ,
ರೈಲಿನ ಹೊಗೆಗೆ ಸೆಲ್ಫಿ ಸಂಜೆಯ ಕಿತ್ತಳೆ.
ಯಾರದೋ ಮದುವೆ ಆಲ್ಬಮ್ಮಿಗೆ
ದಾರಿ ತಪ್ಪಿ ಬಂದವಳಂತೆ ಕೂತಿದ್ದಳು.
ಯಾರಿಗೂ ಕಾಯುತ್ತಿರಲಿಲ್ಲ.
ಅಳಿಸಿದೆ.

*

ಕಪ್ಪು ಮರಳಿಗೆ ಅಕ್ಕಿ ಬಿದ್ದ ಕ್ಷಣ
ಬಾಣಲೆ ತುಂಬ ಬಿಳಿ ಸಿಡಿಯುತ್ತದೆ.
ಹದಿನಾರರಿಂದ ಈ ಒಲೆಯ ಮುಂದಿದ್ದೇನೆ,
ನೋಡಿರಲಿಲ್ಲ.
ಗೋಡೆಗೆ ಮೆತ್ತಿದ ಮಸಿ ಒಂದು ಕಪ್ಪು,
ಮೊಳೆಗೆ ನೇತುಬಿದ್ದ ಖಾಲಾಳ ಬುರ್ಖಾ
ಒಗೆದೊಗೆದು ಕಂದಿ ಬೇರೆಯೇ ಕಪ್ಪು.
ನಡುವೆ ಎಷ್ಟೊಂದು ಬೂದಿ,
ಒಂದಕ್ಕೂ ನನ್ನಲ್ಲಿ ಹೆಸರಿಲ್ಲ.

ಎರಡೂವರೆಗೆ ಮತ್ತೆ ಫೋನು ತೆಗೆದೆ.
ಆಕೆಯ ಮುಖ ಪರದೆ ತುಂಬಿದಲ್ಲಿ ನಿಲ್ಲಿಸಿದೆ.
ಎರಡೂ ಕಣ್ಣಿನಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ.
ಕಣ್ಣೀರಲ್ಲ ಅದು. ದೀಪ.
ಚೌಕಟ್ಟಿನಾಚೆ ಯಾರೋ ಎತ್ತಿ ಹಿಡಿದಿದ್ದಾರೆ.
ಮೊದಲಿಗೆ ಹೋಗಿ ಹೆಸರುಗಳಲ್ಲಿ ಹುಡುಕಿದೆ:
ಚಪ್ಪಲಿ ಕೊಟ್ಟ ಅಂಗಡಿಗೂ ಕೃತಜ್ಞತೆ ಇದೆ,
ದೀಪ ಹಿಡಿದವನಿಲ್ಲ.
ಝಳ ಎಷ್ಟಿತ್ತೋ. ಅದು ನನಗೆ ಗೊತ್ತು,
ಮೊಣಕೈತನಕ ಗೊತ್ತು.
ತೋಳು ನೊಂದಿತ್ತೋ ಏನೋ,
ಆಕೆ ಕಾಗದ ಮಡಚುವಷ್ಟು ಹೊತ್ತೂ
ಚುಕ್ಕೆ ಅಲುಗಲಿಲ್ಲ.

ಬೆಳಿಗ್ಗೆ ಹಾಲೇಶಿ: 'ಕತಿ ಏನಲೇ?'
'ರೈಲು ಬರ್ತೈತಿ. ಯಾರೂ ಇಳಿಯಂಗಿಲ್ಲ.'
'ಆಮ್ಯಾಲೆ?'
'ನೀನಾ ನೋಡು. ಓಡಿಸಬ್ಯಾಡ.'

ಖಾಲಾ ಬಾಗಿಲಿಗೆ ಬೆನ್ನು ಮಾಡಿ
ಚೀಲದ ಬಾಯಿ ಹೊಲಿಯುತ್ತಿದ್ದಳು.
ಹೊರಗೆ ಬಿಸಿಲು ಆಗಷ್ಟೇ ಮೂಡುತ್ತಿತ್ತು.
'ಸ್ವಲ್ಪ ಇತ್ತ ತಿರುಗು ಖಾಲಾ' ಅಂದೆ.
'ಯಾಕಲೇ?' ಅಂತ ತಿರುಗಿದಳು.

ಬಿತ್ತು.