ರಿವೆಟ್ ಕಿತ್ತ ಜಾಗ

ಬಳ್ಳಾರಿ, ಕೌಲ್ ಬಜಾರಿನ ಒಳಗಲ್ಲಿ, ಮೂರನೇ ಶೆಡ್ಡು.
ದಿನಕ್ಕೆ ನಾನೂರು ಪ್ಯಾಂಟು ನನ್ನ ಕೈ ದಾಟಿ ಹೋಗ್ತಾವೆ,
ಒಂದೊಂದಕ್ಕೂ ಆರು ತಾಮ್ರದ ರಿವೆಟ್ಟು.
ಕಾಲಲ್ಲಿ ಪೆಡಲ್ ಒತ್ತಿದರೆ ಟಕ್,
ಬಟ್ಟೆಗೆ ಹಲ್ಲು ಬಂತು.

ಗಾದಿಲಿಂಗ ಗೋಡೆಯಾಚೆ, ವಾಷಿಂಗಿನಲ್ಲಿ.
ಹೊಸ ಜೀನ್ಸನ್ನು ಕಲ್ಲಿನ ಜೊತೆ ಬ್ಲೀಚಿನ ಜೊತೆ ತಿರುವಿ
ಹತ್ತು ವರ್ಷ ಹಳೇದು ಮಾಡೋದು ಅವನ ಕೆಲಸ.
ವಾಸನೆ ತಡೆಯೋಕೆ ಅಂತ
ಎಡಗಲ್ಲದಲ್ಲಿ ಒಂದು ಚಿಟಿಕೆ ತಂಬಾಕು ಸದಾ,
ಮಲಗಿದಾಗಲೂ.
ಎದ್ದು ಉಗುಳಿ, ಬಾಯಿ ತೊಳೆಯೋಕೆ ಮುಂಚೆ ಇನ್ನೊಂದು.
ದಿಂಬಿನ ಕಂದು ಕಲೆ ಯಾವ ಬ್ಲೀಚಿಗೂ ಬಿಡಲಿಲ್ಲ.

ಗಡ್ಡೆ ಎದ್ದದ್ದೂ ಅದೇ ಮಗ್ಗುಲಲ್ಲಿ,
ಕೆಳದವಡೆಗೆ ಒರಗಿಕೊಂಡು.
ಕೊಯ್ದರು. ಇನ್ನು ಕರೆಂಟು, ಅಂದರು,
ಮೂವತ್ತಮೂರು ದಿನ.

ಅದಕ್ಕೂ ಮುಂಚೆ ಹಲ್ಲಿನ ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿ,
"ಹಿಂದಿನವು ನಾಲ್ಕು ಹುಳುಕು. ಈಗಲೇ ಕೀಳಿಸಿ,
ಎರಡು ಮೂರು ವಾರ ಗಾಯ ಮಾಯಲಿ,
ಆಮೇಲೆ ಕರೆಂಟು" ಅಂದಳು.
ನಾನಂದೆ: ಮನೆಗೆ ಬೆಂಕಿ ಬಿದ್ದಾಗ
ಬಾಗಿಲ ಚಿಲಕ ನೋಡ್ತೀರಲ್ಲ ತಾಯಿ.
ಅವಳು ಏನೋ ಬರೆದು ಕಾಗದ ತಿರುಗಿಸಿದಳು.
ಸಹಿ ನಂದೇ.
ಹೊನ್ನೂರಮ್ಮ, ಹೆಂಡತಿ.

ಎರಡು ವರ್ಷ ಏನಿಲ್ಲ.
ಎಂಜಲು ಬತ್ತಿತ್ತು, ಅಷ್ಟೇ.
ರೊಟ್ಟಿಯನ್ನ ಬೇಳೆಕಟ್ಟಿನಲ್ಲಿ ನೆನೆಸಿ ನುಂಗೋನು,
ರಾತ್ರಿಗೆ ಮೂರು ಸಲ ಎದ್ದು ಚೊಂಬು ತಡಕೋನು.
ತಂಬಾಕು ಬಿಟ್ಟೀನಿ, ಅಂದ.
ಅವನ ಜೇಬು ನಾನು ನೋಡಲಿಲ್ಲ.

ನಮ್ಮಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಮೇಸ್ತ್ರಿ ಹೇಳೋ ಮಾತು:
ಬ್ಲೀಚು ಕುಡಿದ ಬಟ್ಟೆ ನೋಡೋಕೆ ಚೆಂದ,
ಒಳಗೆ ಎಳೆ ಸತ್ತಿರ್ತಾವೆ.
ತಪ್ಪು ಜಾಗಕ್ಕೆ ಬಿದ್ದರೂ ಅದರ ರಿವೆಟ್ಟು ಕೀಳಬೇಡ.
ಹೊಸದರಲ್ಲಿ ಕಿತ್ತರೆ ತೂತು ಕೂಡಿಕೊಳ್ತದೆ,
ತೊಳೆದದ್ದರಲ್ಲಿ ಕಿತ್ತರೆ
ತೂತು ನಿನ್ನ ಕೈಯಲ್ಲೇ ಬೆಳೀತದೆ.

ಗೊತ್ತಿತ್ತು ನನಗೆ.
ಬಟ್ಟೆಯ ವಿಷಯ ಗೊತ್ತಿತ್ತು.

ಆ ಭಾನುವಾರ ಹಲ್ಲುನೋವಿಗೆ ತಲೆಯನ್ನ ಗೋಡೆಗೆ ಚಚ್ಚಿಕೊಂಡ.
ಬಸ್‌ಸ್ಟ್ಯಾಂಡ್ ಹಿಂದಿನ ಸಣ್ಣ ದವಾಖಾನೆಗೆ ಎಳಕೊಂಡು ಹೋದೆ.
ಶುಗರ್ ಐತಾ? ಇಲ್ಲ. ಬಿಪಿ? ಇಲ್ಲ.
ಕರೆಂಟಿನ ಮಾತು ಅವನು ಕೇಳಲಿಲ್ಲ,
ನಮ್ಮ ಬಾಯಿಗೂ ಬರಲಿಲ್ಲ.
ಮುನ್ನೂರು ರೂಪಾಯಿ.
ಹಲ್ಲನ್ನ ಹತ್ತಿಯಲ್ಲಿ ಸುತ್ತಿ ಕೊಟ್ಟರು.

ಮೂರು ತಿಂಗಳಿಗೆ,
"ಅಕ್ಕಿಕಾಳು ಸಿಕ್ಕೊಂಡೈತೆ, ನೋಡು" ಅಂದ.
ಮೊಬೈಲಿನ ಬೆಳಕು ಬಿಟ್ಟೆ.
ಅಕ್ಕಿಯಲ್ಲ.
ಉಗುರಲ್ಲಿ ತಟ್ಟಿದೆ, ಅವನಿಗೆ ನೋವಾಗಲಿಲ್ಲ.
ಆಗ ನನಗೆ ಹೆದರಿಕೆ ಆಯ್ತು.

ಮತ್ತೆ ಅದೇ ಡಾಕ್ಟರಮ್ಮ. ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.
ಗಡ್ಡೆ ಎಲುಬಿಗೆ ಹತ್ತಿದ್ದು, ಅಂದಳು.
ಕರೆಂಟಿನ ಪ್ರಮಾಣ ಜಾಸ್ತಿ ಇದ್ದದ್ದು.
ಕೆಳದವಡೆಗೆ ಮೊದಲೇ ರಕ್ತ ಕಮ್ಮಿ.
ಹುಳುಕು, ಒಣಬಾಯಿ, ಬಿಡದ ತಂಬಾಕು
(ಗಾದಿಲಿಂಗ ಚಪ್ಪಲಿ ನೋಡಿಕೊಂಡ),
ಆಮೇಲೆ ಕಿತ್ತ ಹಲ್ಲು.
"ಇದೇ ಅಂತ ಒಂದನ್ನ ಹಿಡಿದು ಹೇಳೋಕಾಗಲ್ಲಮ್ಮ,
ಎಲ್ಲಾ ಕೂಡಿ."

ನನಗೆ ಒಂದೇ ಬೇಕಿತ್ತು.
ನಂದಲ್ಲದ್ದು ಒಂದು.

ಮಾತ್ರೆ, ಬಾಯಿ ಮುಕ್ಕಳಿಸೋ ನೀರು, ತಿಂಗಳಿಗೊಮ್ಮೆ ಫೋಟೋ.
ಮತ್ತೆ ಕೊಯ್ಯಬೇಕೋ ಏನೋ, ನೋಡೋಣ, ಅಂದರು.
ಅವನ ಮಾತು ಈಗ ಅರ್ಧ ಗಾಳಿ,
ಶೆಡ್ಡಿನ ಸದ್ದಲ್ಲಿ ನನಗೊಬ್ಬಳಿಗೇ ತಿಳಿಯೋದು.

ನಿನ್ನೆ ಉಗುಳಿದಾಗ ತಾನಾಗೇ ಬಂತು ಒಂದು ಚೂರು,
ರಿವೆಟ್ಟಿನಷ್ಟೇ.
ನಳದ ಕೆಳಗೆ ಹಿಡಿದು ತೊಳೆದ,
ಅಂಗೈಯಲ್ಲಿಟ್ಟು ಬೆಳಕಿಗೆ ತಿರುಗಿಸಿದ,
ಲೋಡು ಕಳಿಸೋ ಮುಂಚೆ
ಪ್ಯಾಂಟಿನ ಮೊಣಕಾಲು ನೋಡೋ ಹಂಗೇ.
ತೂಕ ಇಲ್ಲ, ಸಣ್ಣ ಸಣ್ಣ ತೂತು,
ಬಿಳಿ ಅಂದರೆ ಬಿಳಿ.

"ಒಳ್ಳೇ ವಾಷ್ ಆಗೈತೆ" ಅಂದ.
ನಗೋಕೆ ಹೋದ, ದವಡೆ ತೆರೀಲಿಲ್ಲ.
ನಾನು ಕೈಚಾಚಿದೆ.
ಕೊಡಲಿಲ್ಲ.