ಲೈನ್ ಕ್ಲಿಯರ್

ಡಾಕ್ಟ್ರೇ, ಇಂಥ ಕಾಗದ ನನಗೆ ಹೊಸದಲ್ಲ.
ಆಲೂರು ಸೆಕ್ಷನ್ನಿನ ಲೈನ್‌ಮ್ಯಾನ್ ಹೆಂಡತಿ ನಾನು.
ಕಂಬ ಹತ್ತುವ ಮುಂಚೆ ಸ್ಟೇಷನ್ನಿಗೆ ಫೋನು,
ಹೆಸರು, ಹೊತ್ತು, ಬುಕ್ಕಿನಲ್ಲಿ ರುಜು,
ಇಷ್ಟಾದ ಮೇಲೇ ಕರೆಂಟು ತೆಗೆಯುವುದು.
ಮೇಲಿರುವವನು ಬದುಕಲಿ ಅಂತ.

ಈಗ ಮೇಲಿರುವುದು ಇವರು.
ಹದಿನೇಳು ದಿನ. ಎದೆ ಏಳುತ್ತದೆ, ಇಳಿಯುತ್ತದೆ,
ಏಳಿಸುವುದು ಗೋಡೆಯ ಪ್ಲಗ್ಗು.
ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು.

ಮೈದುನ ಜವರಪ್ಪ ವರಾಂಡದಲ್ಲಿ ಕೂಗಾಡುತ್ತಾನೆ:
"ಗದ್ದೆ ಮಾರಾನ ಅತ್ಗೆ, ತೆಗ್ಸಕ್ಕೆ ನೀನ್ಯಾರು?"
ನಾನ್ಯಾರು?
ಹಾಸನದ ಈ ಬೆಂಚಿನ ಮೇಲೆ
ರಾತ್ರಿಯೆಲ್ಲ ಅದನ್ನೇ ಕೇಳಿಕೊಂಡೆ.

ಸುಟ್ಟುಹೋದ ಜೊತೆಗಾರನನ್ನು ನೋಡಿ ಬಂದ ದಿನ
ಇವರು ಅಂದದ್ದು ಒಂದೇ ಮಾತು:
"ನನ್ನ ತಂತಿಗೆ ನೇತಾಕಿ ಇಟ್ಕಬ್ಯಾಡ ಕಣೆ, ಕೆಂಚಮ್ಮ."
ಬರೆದಿಟ್ಟಿಲ್ಲ.
ಸಾಕ್ಷಿ, ಅವತ್ತು ತಟ್ಟೆಯಲ್ಲೇ ಆರಿದ ಮುದ್ದೆ.

ಹಾಕುತ್ತೇನೆ ರುಜು. ನಿಮ್ಮದೂ ಹಾಕಿ,
ಆ ಇನ್ನೊಬ್ಬ ಡಾಕ್ಟರದೂ.
ನೋವಿನ ಔಷಧಿ ಮಾತ್ರ ನಿಲ್ಲಿಸಬೇಡಿ.

ಒಂದು ಕೇಳಲಾ?
ಇವರ ಬುಕ್ಕಿನಲ್ಲಿ ಕೊನೆಗೊಂದು ಖಾನೆ ಇರುತ್ತಿತ್ತು,
ಕೆಳಗಿಳಿದು ಬಂದು ತುಂಬುವುದು:
ಕರೆಂಟು ವಾಪಸ್ ಕೊಟ್ಟ ಹೊತ್ತು.
ಇದರಲ್ಲಿ ಅದು
ಎಲ್ಲಿದೆ?