ಜೇಬು ನೋಡುವುದು

ಅಲ್ ಖೌದ್, ಅಂಗಡಿ ನಂಬರ್ ಆರು.
ನೀರಿಗೆ ಹಾಕುವ ಮುಂಚೆ ಜೇಬು ನೋಡಬೇಕು:
ಇಲ್ಲಿ ನನಗೆ ಕಲಿಸಿದ ಮೊದಲ ಪಾಠ, ಕೊನೆಯದೂ.
ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಜೇಬು!
ಪೆಟ್ರೋಲ್ ಚೀಟಿ, ಖರ್ಜೂರದ ಬೀಜ,
ಒಮ್ಮೆ ಹತ್ತಿಯಲ್ಲಿ ಸುತ್ತಿಟ್ಟ ಒಂದು ಹಾಲುಹಲ್ಲು.
ಒಂದೊಂದಕ್ಕೂ ಒಂದು ಲಕೋಟೆ, ಮೇಲೆ ಗಿರಾಕಿಯ ನಂಬರು.

ಮುಹನ್ನಾ ಮೇಷ್ಟ್ರ ಜೇಬಲ್ಲಿ ಮಾತ್ರ ಕಲ್ಲು.
ಯೂನಿವರ್ಸಿಟಿಯಲ್ಲಿ ಕಲ್ಲಿನ ಪಾಠ ಹೇಳುವವರು.
ದಿಶ್‌ದಾಶದ ಕುಚ್ಚಿಗೆ ಅತ್ತರು, ಪ್ಯಾಂಟಿಗೆ ಬೆಟ್ಟದ ಧೂಳು.
ಬಿಳಿಚಿಕೊಂಡು ಬಂದರೆ ಜಬಲ್ ಅಖ್ದರ್,
ಬೂದುಹಸಿರು ಬಂದರೆ ಸಮಾಯಿಲ್ ಕಡೆ,
ಟಬ್ಬಿನ ನೀರು ನೋಡಿಯೇ ಹೇಳುತ್ತೇನೆ ಈಗ.

ಕಾರ್ಕಳದಲ್ಲಿ ಹರಿಣಾಕ್ಷಿ,
ಬಿಎಸ್ಸಿ ಕೊನೆಯ ವರ್ಷ, ಭೂವಿಜ್ಞಾನ.
"ಅಪ್ಪಾ, ಆ ಹಸಿರು ಕಲ್ಲು ಕ್ಯಾಮೆರಾಕ್ಕೆ ಹಿಡಿ.
ಇನ್ನೂ ಹತ್ತಿರ. ಒರೆಸಿ ಹಿಡಿ.
ಪಿನ್ನಿನಲ್ಲಿ ಕೆರೆ, ಗೆರೆ ಬೀಳುತ್ತದಾ?"
ಇಸ್ತ್ರಿಪೆಟ್ಟಿಗೆ ಮಗ್ಗುಲಲ್ಲಿಟ್ಟು ಕೆರೆಯುತ್ತೇನೆ.
"ಸಮುದ್ರದ ತಳಕ್ಕಿಂತಲೂ ಕೆಳಗಿನದು ಅಪ್ಪಾ,
ನಿನ್ನ ಕೈಗೆ ಬಂದಿದೆ."
ಬಂದದ್ದು ಹೌದು.
ನಾಳೆ ವಾಪಸು ಲಕೋಟೆಗೆ.

ಮುಂದೆ ಓದಲು ಅವಳು ಹುಡುಕದ ವಿದ್ಯಾರ್ಥಿವೇತನ ಇಲ್ಲ.
ಸಿಕ್ಕಿದ ಒಂದರಲ್ಲಿ ತಂದೆಯ ವರಮಾನ ಕೇಳಿದ್ದರು,
ಎರಡೂವರೆ ಲಕ್ಷ ದಾಟಬಾರದು.
ನನ್ನದು ನೂರಾ ಹತ್ತು ರಿಯಾಲ್.
ರಾತ್ರಿ ಬಿಲ್ಲಿನ ಬೆನ್ನಲ್ಲಿ ಗುಣಿಸಿದೆ,
ಇನ್ನೂರಿಪ್ಪತ್ತರಿಂದ, ಆಮೇಲೆ ಹನ್ನೆರಡರಿಂದ.
ನಲವತ್ತು ಸಾವಿರ ಜಾಸ್ತಿ ಸಿರಿವಂತ ನಾನು!
ಆರು ಜನರ ಕೋಣೆಯಲ್ಲಿ ಮೇಲಿನ ಮಂಚ ನನ್ನದು,
ಫ್ಯಾನಿಗೆ ತಲೆ ತಗಲದಂತೆ ಏಳುವ ಸಿರಿವಂತ.
"ಸಂಬಳ ಕಡಿಮೆ ಅಂತ ಬರೆಸಿಕೊಂಡು ಬಾ ಮಾರಾಯ,"
ಎಂದ ಕೆಳಗಿನ ಮಂಚದ ಜಾರಪ್ಪ.
ಕೇಳಿದ್ದರೆ ಮುದೀರ್ ಬರೆದೂ ಕೊಡುತ್ತಿದ್ದ.
ನಾನು ಕೇಳಲಿಲ್ಲ.
ಯಾಕೆಂದು ಈಗಲೂ ಸರಿಯಾಗಿ ಗೊತ್ತಿಲ್ಲ.
ಬೇರೆಯವರ ನೂರು ಬೈಸಾ ಲಕೋಟೆಗೆ ಹಾಕಿ ಹಾಕಿ
ಕೈಗೆ ಅಭ್ಯಾಸ ತಪ್ಪಿತ್ತೋ ಏನೋ.

ಫೆಬ್ರವರಿಯಲ್ಲಿ, ಮೇಷ್ಟ್ರ ಕೋಟಿನ ಒಳಜೇಬಲ್ಲಿ
ನಾಲ್ಕು ಮಡಿಕೆಯ ಕಾಗದ.
ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿದೆ:
ಫೆಲೋಶಿಪ್. ಬೆಟ್ಟ. ಎರಡು ವರ್ಷ.
ಊಟ, ವಸತಿ, ವಿಮಾನ.
'ಯಾವ ದೇಶದವರೂ' ಎಂಬಲ್ಲಿ ಬೆರಳು ನಿಂತಿತು.
ಲಕೋಟೆಗೆ ಹಾಕಬೇಕು. ಹಾಕಿದೆ.
ತೆಗೆದೆ. ಫೋಟೋ ಹೊಡೆದೆ. ಮತ್ತೆ ಹಾಕಿದೆ.
ಜೇಬು ನೋಡುವುದು ಸರಿ,
ಜೇಬು ಓದಬಹುದೋ ಇಲ್ಲವೋ
ಯಾರೂ ಹೇಳಿಕೊಟ್ಟಿರಲಿಲ್ಲ.

"ಹೋದ ವರ್ಷದ್ದು ಅಪ್ಪಾ," ಎಂದಳು ರಾತ್ರಿ. "ತಾರೀಕು ನೋಡು."
ನೋಡಿದೆ.
ಇಸ್ತ್ರಿಗೆ ಮಡಿಕೆ ಹೋಗುತ್ತದೆ, ತಾರೀಕು ಹೋಗುವುದಿಲ್ಲ.

ಗುರುವಾರ ಬಟ್ಟೆಗೆ ಬಂದ ಮೇಷ್ಟ್ರ ಮುಂದೆ
ಬಾಯಿಗೆ ಬಂದ ಅರಬ್ಬಿಯಲ್ಲಿ ತಪ್ಪೊಪ್ಪಿಕೊಂಡೆ:
ಕಾಗದ ನಿಮ್ಮದು, ಕಣ್ಣು ನನ್ನದು,
ಕಲ್ಲಿನ ಹುಚ್ಚು ನನ್ನ ಮಗಳದು.
ಅವರು ಲಕೋಟೆ ಬಿಚ್ಚಲಿಲ್ಲ.
"ಪಿನ್ನಿನಲ್ಲಿ ಕೆರೆಯಲು ಹೇಳಿದ್ದು ಅವಳೋ?
ಮೂರು ತಿಂಗಳಿಂದ ನನ್ನ ಕಲ್ಲುಗಳ ಮೇಲೆ ಗೆರೆ.
ಪಾಪ, ಹುಡುಗರನ್ನು ಬೈದುಬಿಟ್ಟಿದ್ದೆ."
ಬಿಲ್ಲಿನ ಬೆನ್ನಿಗೆ ಇಮೇಲ್ ಬರೆದರು.
ಈ ವರ್ಷದ್ದಕ್ಕೆ ಏಪ್ರಿಲ್ ಹತ್ತು ಕೊನೆ ಎಂದರು.
ಅವಳೇ ಬರೆಯಲಿ, ನೀನಲ್ಲ, ಎಂದರು.
ಎರಡು ಪ್ಯಾಂಟಿಗೆ ಕಾಸು ಬೇಡವೆಂದೆ.
ಎಣಿಸಿ ಮೇಜಿನ ಮೇಲಿಟ್ಟು ಹೋದರು.

ನಿನ್ನೆ ಅರ್ಜಿ ಹೋಯಿತಂತೆ.
ನಂಬರು ಕಳಿಸಿದ್ದಾಳೆ, ಹನ್ನೊಂದು ಅಂಕಿ.
ಫೋನು ಬೀಳುತ್ತದೆ, ಕಾಗದ ನೆನೆಯುತ್ತದೆ.
ಬಟ್ಟೆಗೆ ಗುರುತು ಹಾಕುವ ಪೆನ್ನು ತೆಗೆದು
(ಎಷ್ಟು ಒಗೆದರೂ ಬಿಡದ ಕಪ್ಪು ಅದು)
ನನ್ನ ಶರ್ಟಿನ ಕಾಲರಿನ ಒಳಗೆ ಬರೆದುಕೊಂಡಿದ್ದೇನೆ.
ಏಳರ ಹತ್ತಿರ ಶಾಯಿ ಸ್ವಲ್ಪ ಹರಡಿದೆ,
ಅಲ್ಲಿ ಬೆವರು ಜಾಸ್ತಿ.